ಹಸಿರು ಬೋರ್ಡ್ ಹೇಳದ ಲೆಕ್ಕ

"ಬೆಂಗಳೂರಿನ ಎಕ್ಯೂಐ (ಗಾಳಿ ಗುಣಮಟ್ಟದ ಸೂಚ್ಯಂಕ) ಬೋರ್ಡ್ ಹಸಿರು. ಅಂದ್ರೆ ಇಂಗಾಲದ ಡೈಆಕ್ಸೈಡ್ ಕಡಿಮೆ, ಭೂಮಿ ಬಿಸಿಯಾಗ್ತಿರೋದು ಸುಳ್ಳು." ಈ ಫಾರ್ವರ್ಡ್ ನಿಮಗೂ ಬಂದಿರಬಹುದು.

ಸತ್ಯಾಂಶ: ಆ ಬೋರ್ಡ್ ಡೈಆಕ್ಸೈಡನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ನಮ್ಮ ಎಕ್ಯೂಐ ಪಟ್ಟಿಯಲ್ಲಿರುವುದು ದೂಳು, ಓಝೋನ್, ಕಾರ್ಬನ್ ಮೊನಾಕ್ಸೈಡ್ ಸೇರಿ 8 ಮಾಲಿನ್ಯಗಳು. ಮೊನಾಕ್ಸೈಡ್, ಡೈಆಕ್ಸೈಡ್ ಹೆಸರು ಹತ್ತಿರ. ಗೊಂದಲ ಸಹಜ ಅಲ್ವಾ?

ಡೈಆಕ್ಸೈಡ್ ಅಳೆಯುವುದು ಬೇರೆಯೇ ಕಸುಬು. ಹವಾಯಿಯ ಮೌನಾ ಲೋವಾ ಪರ್ವತದ ಅಳತೆ ಕೇಂದ್ರದಲ್ಲಿ 1958ರಲ್ಲಿ ಗಾಳಿಯ 10 ಲಕ್ಷ ಪಾಲಿಗೆ ಡೈಆಕ್ಸೈಡ್ ಸುಮಾರು 315 ಪಾಲು ಇತ್ತು, ಈಗ 420 ದಾಟಿದೆ. ವರ್ಷಕ್ಕೆ ಏರುವುದು 2-3 ಅಷ್ಟೇ. ಅದನ್ನು ಹಿಡಿಯಲು ದುಬಾರಿ ಯಂತ್ರವೊಂದೇ ಸಾಲದು. ಡೈಆಕ್ಸೈಡ್ ಪ್ರಮಾಣ ಮೊದಲೇ ಗೊತ್ತಿರುವ ಗಾಳಿಯ ಸಿಲಿಂಡರ್ ಇಟ್ಟುಕೊಂಡು ಪದೇ ಪದೇ ತಾಳೆ ನೋಡಬೇಕು. ಭಾರತ, ಆಫ್ರಿಕಾದಲ್ಲಿ ಇಂಥ ಕೇಂದ್ರಗಳು ಕಡಿಮೆ ಇರಲು ಈ ಖರ್ಚೂ ಕಾರಣ.

ಲಡಾಖ್‌ನ ಹಾನ್ಲೆಯಲ್ಲಿ 2005ರಲ್ಲಿ ಅಳತೆ ಶುರುವಾಯಿತು. ಅಲ್ಲಿನ ವೀಕ್ಷಣಾಲಯ ನಮ್ಮ ಕೋರಮಂಗಲದ ಭಾರತೀಯ ಖಭೌತ ಸಂಸ್ಥೆಯದೇ. ಸಿಲ್ಕ್ ಬೋರ್ಡ್ ಹೊಗೆ ಮಾತ್ರ ಅಲ್ಲಿಲ್ಲ!