ಎರಡನೇ ಅಂಕಿಯ ಲೆಕ್ಕ

ರಾಷ್ಟ್ರಪತಿ ಚುನಾವಣೆ ಹತ್ತಿರ ಬಂತೆಂದರೆ ಮುಂಬಯಿ ಕನ್ನಡಿಗರ ವಾಟ್ಸಾಪ್ ಗುಂಪುಗಳಲ್ಲಿ ತಲೆ ಎಣಿಕೆ ಶುರು: ಯುತಿಗೆ (ಬಿಜೆಪಿ ಕೂಟ) ಇಷ್ಟು ಶಾಸಕರು, ಆಘಾಡಿಗೆ (ಕಾಂಗ್ರೆಸ್ ಇರುವ ಕೂಟ) ಇಷ್ಟು. ಈ ಎಣಿಕೆಯಲ್ಲಿ ಎರಡು ತಪ್ಪುಗಳಿವೆ. ಸಣ್ಣದನ್ನು ಮೊದಲು ಮುಗಿಸೋಣ.

ಇಲ್ಲಿ ಒಂದೊಂದು ಮತಕ್ಕೂ ಒಂದೊಂದು ತೂಕ. ರಾಜ್ಯದ 1971ರ ಜನಸಂಖ್ಯೆಯನ್ನು ವಿಧಾನಸಭೆಯ ಸ್ಥಾನಗಳಿಂದ ಭಾಗಿಸಿ, ಬಂದದ್ದನ್ನು ಮತ್ತೆ ಸಾವಿರದಿಂದ ಭಾಗಿಸಬೇಕು. ಹಾಗೆ ಮಹಾರಾಷ್ಟ್ರದ ಶಾಸಕರಿಗೆ ತಲಾ 175, ಕರ್ನಾಟಕದವರಿಗೆ 131, ಗೋವಾದವರಿಗೆ ಬರೀ 20. ಗೋವಾದ 40 ಶಾಸಕರೂ ಒಟ್ಟಾದರೆ 800. 2022ರಲ್ಲಿ ಒಬ್ಬ ಸಂಸದರ ಮತಕ್ಕೇ 700 ಇತ್ತು. ಗೋವಾದಲ್ಲಿ ಹತ್ತು ಜನ ಪಕ್ಷ ಹಾರಿದರೂ ಈ ತಕ್ಕಡಿಯಲ್ಲಿ ಅದು 200, ಅಷ್ಟೇ.

ಇನ್ನೊಂದು ತಪ್ಪು ದೊಡ್ಡದು: ‘ಅರ್ಧಕ್ಕಿಂತ ಒಂದು ಹೆಚ್ಚು ಬಾರದೆ ಗೆಲುವೇ ಇಲ್ಲ’ ಎನ್ನುವುದು. ಸಿಂಧುವಾದ ಮತಗಳ ಒಟ್ಟು ಮೌಲ್ಯದ ಅರ್ಧಕ್ಕೆ ಒಂದು ಸೇರಿಸಿದರೆ ಕೋಟಾ. 2022ರಲ್ಲಿ ಅದು 5,28,491. ದ್ರೌಪದಿ ಮುರ್ಮು ಅವರಿಗೆ 6,76,803 ಬಂತು, ಮೊದಲ ಸುತ್ತಿನಲ್ಲೇ ಮುಗಿಯಿತು. ಮತ ಹಾಕುವವರು ಅಭ್ಯರ್ಥಿಗಳ ಮುಂದೆ 1, 2, 3 ಎಂದು ತಮ್ಮ ಪ್ರಾಶಸ್ತ್ಯ, ಅಂದರೆ ಆಯ್ಕೆಯ ಕ್ರಮ ಬರೆಯುತ್ತಾರೆ. ಯಾರೂ ಕೋಟಾ ಮುಟ್ಟದಿದ್ದರೆ ಕೊನೆಯವರನ್ನು ಕೈಬಿಟ್ಟು, ಅವರ ಮತಪತ್ರಗಳಲ್ಲಿ 2 ಯಾರ ಮುಂದಿದೆಯೋ ಅವರಿಗೆ ಸೇರಿಸುತ್ತಾರೆ. 2 ಬರೆದೇ ಇಲ್ಲವೇ? ಆ ಪತ್ರದ ಕಥೆ ಅಲ್ಲಿಗೆ ಮುಗಿಯಿತು. ಆದರೆ ಕೋಟಾ ಇಳಿಯುವುದಿಲ್ಲ. ಹೀಗೆ ಕೈಬಿಡುತ್ತಾ ಹೋಗಿ ಕಣದಲ್ಲಿ ಒಬ್ಬರೇ ಉಳಿದರೆ, ಕೋಟಾ ಮುಟ್ಟದಿದ್ದರೂ ಗೆದ್ದವರು ಅವರೇ.

ಎರಡನೇ ಪ್ರಾಶಸ್ತ್ಯಕ್ಕೆ ಕೈ ಹಾಕಬೇಕಾಗಿ ಬಂದದ್ದು 1969ರಲ್ಲಿ. ಕಾಂಗ್ರೆಸ್ ಅಧ್ಯಕ್ಷರು ನಮ್ಮ ನಿಜಲಿಂಗಪ್ಪ, ಪಕ್ಷದ ಅಭ್ಯರ್ಥಿ ಸಂಜೀವ ರೆಡ್ಡಿ, ಪಕ್ಷೇತರ ವಿ. ವಿ. ಗಿರಿ ಅವರ ಬೆನ್ನಿಗೆ ಇಂದಿರಾ ಗಾಂಧಿ. ಜನಸಂಘ ಮತ್ತು ಸ್ವತಂತ್ರ ಪಕ್ಷದವರು ನಿಲ್ಲಿಸಿದ್ದು ಸಿ. ಡಿ. ದೇಶಮುಖ್ ಅವರನ್ನು. ಮುಂಬಯಿ ಮಹಾರಾಷ್ಟ್ರಕ್ಕೆ ಸೇರದ ಸಿಟ್ಟಿಗೆ 1956ರಲ್ಲಿ ಕೇಂದ್ರದ ಹಣಕಾಸು ಮಂತ್ರಿಗಿರಿ ಬಿಟ್ಟವರು ಇವರೇ. ‘ನಿಮ್ಮ ಎರಡನೇ ಪ್ರಾಶಸ್ತ್ಯ ರೆಡ್ಡಿಗಿರಲಿ’ ಎಂದು ನಿಜಲಿಂಗಪ್ಪ ಆ ಎರಡು ಪಕ್ಷಗಳ ನಾಯಕರನ್ನು ಕಂಡರು. ಇಂದಿರಾ ಬಣಕ್ಕೆ ಅದೇ ನೆಪವಾಯಿತು; ಪಕ್ಷ ನೋಡದೆ ಮನಸ್ಸು ಹೇಳಿದವರಿಗೆ ಹಾಕುವ ‘ಆತ್ಮಸಾಕ್ಷಿ ಮತ’ದ ಕೂಗೆದ್ದಿತು.

ಮೊದಲ ಎಣಿಕೆ: ಗಿರಿ 4,01,515, ರೆಡ್ಡಿ 3,13,548, ದೇಶಮುಖ್ 1,12,769. ಕೋಟಾ 4,18,169. ಕೊನೆಗೆ ಗಿರಿ 4,20,077, ರೆಡ್ಡಿ 4,05,427. ಕಳೆದು ನೋಡಿ: ವರ್ಗಾವಣೆಯಲ್ಲಿ ರೆಡ್ಡಿಗೆ 91,879 ಬಂದರೆ ಗಿರಿಗೆ ಬಂದದ್ದು 18,562. ನಿಜಲಿಂಗಪ್ಪ ಕೇಳಿದ್ದು ಬಹುಪಾಲು ಸಿಕ್ಕಿತ್ತು. ಗಿರಿಗೆ ಬೇಕಿದ್ದದ್ದೇ 16,654 ಆಗಿದ್ದರಿಂದ ಅದು ಸಾಲಲಿಲ್ಲ. ಕಣದಲ್ಲಿದ್ದ ಉಳಿದ ಸಣ್ಣಪುಟ್ಟ ಅಭ್ಯರ್ಥಿಗಳ ಮತವೂ ಸೇರಿ ಯಾರಿಗೂ ದಕ್ಕದೆ ಹೋದದ್ದು 10,833. ನನ್ನ ಪ್ರಕಾರ ರೆಡ್ಡಿ ಸೋತದ್ದು ಎರಡನೇ ಸುತ್ತಿನಲ್ಲಲ್ಲ, ಸ್ವಂತ ಪಕ್ಷದವರೇ ಮೊದಲ ಅಂಕಿಯನ್ನು ಗಿರಿಗೆ ಬರೆದಾಗ.

2024ರ ಶ್ರೀಲಂಕಾ ಅಧ್ಯಕ್ಷ ಚುನಾವಣೆಯಲ್ಲಿ ಇದರ ಇನ್ನೊಂದು ಮುಖ ಕಂಡಿತು. ಅಲ್ಲಿ ಮೊದಲ ಇಬ್ಬರನ್ನಷ್ಟೇ ಉಳಿಸಿಕೊಳ್ಳುತ್ತಾರೆ. ಪ್ರಾಶಸ್ತ್ಯಗಳನ್ನು ಸೇರಿಸಿದ ಮೇಲೂ ಗೆದ್ದ ದಿಸ್ಸಾನಾಯಕೆಗೆ ಆದದ್ದು 57,40,179. ಸಿಂಧುವಾದ ಮತ 1 ಕೋಟಿ 33 ಲಕ್ಷ. ಅರ್ಧ ಎಲ್ಲಿ ಬಂತು? ಹೆಚ್ಚಿನವರು ಒಂದೇ ಗುರುತು ಹಾಕಿ ಬಂದಿದ್ದರು.

ಇನ್ನು ಮೈತ್ರಿ. ಈ ಚುನಾವಣೆಯಲ್ಲಿ ವಿಪ್ (ಹೀಗೇ ಮತ ಹಾಕಿ ಎನ್ನುವ ಪಕ್ಷದ ಆಜ್ಞೆ) ನಡೆಯುವುದಿಲ್ಲ, ಅಡ್ಡ ಮತ ಹಾಕಿದರೆ ಪಕ್ಷಾಂತರ ಕಾಯ್ದೆಯಡಿ ಸದಸ್ಯತ್ವವೂ ಹೋಗುವುದಿಲ್ಲ, ಮತ ಗುಟ್ಟಾಗಿರುತ್ತದೆ. ಇದರ ರುಚಿ ಶಿವಸೇನೆಗೆ ಚೆನ್ನಾಗಿ ಗೊತ್ತು. ಎನ್‌ಡಿಎಯಲ್ಲಿದ್ದೇ ಅದು ಎದುರು ಬಣದವರನ್ನು ಬೆಂಬಲಿಸಿತು: 2007ರಲ್ಲಿ ಪ್ರತಿಭಾ ಪಾಟೀಲ್, 2012ರಲ್ಲಿ ಪ್ರಣಬ್ ಮುಖರ್ಜಿ. ಆಘಾಡಿಯಲ್ಲಿದ್ದ ಉದ್ಧವ್ ಠಾಕ್ರೆ ಬೆಂಬಲ 2022ರಲ್ಲಿ ಎನ್‌ಡಿಎಯ ಮುರ್ಮು ಅವರಿಗೆ. ಮೈತ್ರಿಯ ಪಟ್ಟಿ ನೋಡಿ ಕೂಡಿಸಿದವರ ಮೊತ್ತ ಮೂರು ಸಲವೂ ತಪ್ಪಿತು.

ಅಸಿಂಧು ಮತಗಳನ್ನೂ ಮರೆಯಬೇಡಿ. 2022ರಲ್ಲಿ 15 ಸಂಸದರ ಮತ ಕೆಟ್ಟವು. ಅದು 10,500, ಸರಿಯಾಗಿ ಮಹಾರಾಷ್ಟ್ರದ 60 ಶಾಸಕರಷ್ಟು. ಇಬ್ಬರ ಮುಂದೆ 1 ಬರೆದರೆ, ಯಾರೆಂದು ಗುರುತು ಸಿಗುವಂಥ ಗೀಟು ಎಳೆದರೆ ಮತ ಹೋಯಿತು. ಅಂಕಿಯನ್ನು ಯಾವುದೇ ಭಾರತೀಯ ಭಾಷೆಯ ರೂಪದಲ್ಲಿ ಬರೆಯಬಹುದು, ಕನ್ನಡದ ೧ ಕೂಡ ಸಿಂಧು. ‘ಒಂದು’ ಎಂದು ಅಕ್ಷರದಲ್ಲಿ ಬರೆದರೆ ಇಲ್ಲ.