ಇಬ್ಬರು ರಾಮಣ್ಣರು, ಒಂದು ಕಾನ್ಫಿಗ್

ಹಲವು ಕಂಪ್ಯೂಟರುಗಳನ್ನು ಗುಂಪಾಗಿಸಿ ಸಾಫ್ಟ್‌ವೇರ್ ಓಡಿಸುವ ಕುಬರ್ನೆಟೀಸ್‌ನ ಕ್ಲಸ್ಟರ್‌ಗಳನ್ನು, ಅಂದರೆ ಆ ಗುಂಪುಗಳನ್ನು, ನೋಡಿಕೊಳ್ಳುವ ಕೆಲಸಕ್ಕೆ ಸೇರಿದವರ ಕೈಗೆ ಮೊದಲು ಬರುವುದು ಒಂದು ಕಾನ್ಫಿಗ್ ಫೈಲು. ಕ್ಲಸ್ಟರಿನ ವಿಳಾಸ, ಒಳಗೆ ಹೋಗಲು ಬೇಕಾದ ಯೂಸರ್ ಸರ್ಟಿಫಿಕೇಟು, ಇವೆರಡನ್ನೂ ಗಂಟು ಹಾಕುವ ಕಾಂಟೆಕ್ಸ್ಟ್ ಮೂರೂ ಅದರಲ್ಲಿರುತ್ತವೆ. ವರ್ಷ ತುಂಬುವುದರೊಳಗೆ ಅಂಥವು 'ಕಾನ್ಫಿಗ್-ಹೊಸದು', 'ಕಾನ್ಫಿಗ್-ಇದೇ-ಸರಿ' ಎಂಬ ಹೆಸರುಗಳಲ್ಲಿ ಡೌನ್‌ಲೋಡ್ಸ್ ಫೋಲ್ಡರನ್ನು ತುಂಬಿಕೊಂಡಿರುತ್ತವೆ, ಮತ್ತು ಯಾರಿಗಾದರೂ ಒಂದು ದಿನ ಅವನ್ನೆಲ್ಲ ಒಂದುಗೂಡಿಸುವ ಹುಮ್ಮಸ್ಸು ಬಂದೇ ಬರುತ್ತದೆ.

ಒಂದುಗೂಡಿಸುವುದೇನೋ ಸುಲಭ. ಕ್ಯೂಬ್‌ಕಾನ್ಫಿಗ್ ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್‌ನಲ್ಲಿ ಫೈಲುಗಳ ಹೆಸರನ್ನು ಸಾಲಾಗಿ ಬರೆದು, ಲಿನಕ್ಸ್‌ನಲ್ಲಾದರೆ ನಡುವೆ ಕೋಲನ್, ವಿಂಡೋಸ್‌ನಲ್ಲಾದರೆ ಸೆಮಿಕೋಲನ್ ಹಾಕಿದರೆ, ಉಳಿದದ್ದನ್ನು ಕ್ಲಸ್ಟರಿಗೆ ಆಜ್ಞೆ ಕಳಿಸುವ ಸಲಕರಣೆಯಾದ ಕ್ಯೂಬ್‌ಸಿಟಿಎಲ್ ನೋಡಿಕೊಳ್ಳುತ್ತದೆ. ಒಂದೇ ಹೆಸರು ಎರಡು ಫೈಲುಗಳಲ್ಲಿ ಕಂಡರೆ ಮೊದಲು ಬಂದದ್ದನ್ನಷ್ಟೇ ಇಟ್ಟುಕೊಂಡು, ಎರಡನೆಯದರಲ್ಲಿ ಹೊಸ ವಿವರಗಳಿದ್ದರೂ ಅದನ್ನು ಪೂರ್ತಿ ಕೈಬಿಡುತ್ತದೆ. ಎಚ್ಚರಿಕೆಯ ಒಂದು ಸಾಲನ್ನೂ ತೋರಿಸುವುದಿಲ್ಲ. ಕ್ಯೂಬ್‌ಎಡಿಎಮ್ ಮಹಾಶಯ, ಬೇರೆ ಹೆಸರು ಸೂಚಿಸದಿದ್ದರೆ, ತಾನು ಕಟ್ಟುವ ಪ್ರತಿ ಕ್ಲಸ್ಟರಿಗೂ 'ಕುಬರ್ನೆಟೀಸ್' ಎಂದೇ, ಅದರ ಅಡ್ಮಿನ್ ಯೂಸರಿಗೂ 'ಕುಬರ್ನೆಟೀಸ್-ಅಡ್ಮಿನ್' ಎಂದೇ ನಾಮಕರಣ ಮಾಡುತ್ತಾನೆ. ನಮ್ಮ ಮನೆಗಳಲ್ಲಿ ತಾತನ ಹೆಸರನ್ನು ಇಬ್ಬರು ಮೊಮ್ಮಕ್ಕಳಿಗಿಟ್ಟರೂ ದೊಡ್ಡ ರಾಮಣ್ಣ, ಚಿಕ್ಕ ರಾಮಣ್ಣ ಎಂದು ಕರೆದು ಹೇಗೋ ಸಂಭಾಳಿಸುತ್ತಾರೆ. ಕ್ಯೂಬ್‌ಸಿಟಿಎಲ್‌ಗೆ ಆ ಲೋಕಜ್ಞಾನವಿಲ್ಲ. ಚಿಕ್ಕ ರಾಮಣ್ಣ ಹುಟ್ಟಿಯೇ ಇಲ್ಲವೆಂಬುದು ಅದರ ತೀರ್ಮಾನ.

ನಮ್ಮ ತಂಡದ ತರುಣನೊಬ್ಬ ಹೀಗೆ ಪ್ರೊಡಕ್ಷನ್ (ಗ್ರಾಹಕರು ನಿಜವಾಗಿ ಬಳಸುವ ಕ್ಲಸ್ಟರ್) ಮತ್ತು ಟೆಸ್ಟ್ ಫೈಲುಗಳನ್ನು ಕೂಡಿಸಿದಾಗ ಪಟ್ಟಿಯಲ್ಲಿ ಒಂದೇ ಕಾಂಟೆಕ್ಸ್ಟ್ ಕಾಣಿಸಿತು. ಬುದ್ಧಿವಂತನಾದ ಆತ ಟೆಸ್ಟ್ ಫೈಲನ್ನು ತೆರೆದು ಕಾಂಟೆಕ್ಸ್ಟಿನ ಹೆಸರನ್ನು 'ಟೆಸ್ಟ್' ಎಂದು ಬದಲಿಸಿದ. ಅದರ ಕೆಳಗಿನ ಕ್ಲಸ್ಟರ್ ಮತ್ತು ಯೂಸರ್ ಹೆಸರುಗಳನ್ನು ಮುಟ್ಟಲಿಲ್ಲ. ಪಟ್ಟಿಯಲ್ಲಿ ಈಗ ಎರಡು ಹೆಸರು, ಎರಡೂ ಕರೆದೊಯ್ಯುವುದು ಪ್ರೊಡಕ್ಷನ್‌ಗೆ. "ಸರ್, ಟೆಸ್ಟ್ ಕ್ಲಸ್ಟರನ್ನ ಥೇಟ್ ಪ್ರೊಡಕ್ಷನ್ ಥರಾನೇ ಇಟ್ಟಿದ್ದಾರೆ" ಎಂದು ಮೆಚ್ಚುತ್ತಾ, ಹಳೆಯ ನೇಮ್‌ಸ್ಪೇಸೊಂದನ್ನು, ಅಂದರೆ ಕ್ಲಸ್ಟರಿನ ಒಂದು ವಿಭಾಗವನ್ನೇ, ಅಳಿಸುವ ಆಜ್ಞೆಯನ್ನು ಆಗಲೇ ಟೈಪ್ ಮಾಡಿಕೊಂಡಿದ್ದ. ಎಂಟರ್ ಒತ್ತುವ ಮುನ್ನ ಕ್ಲಸ್ಟರಿನ ಕಂಪ್ಯೂಟರುಗಳಾದ ನೋಡ್‌ಗಳ ಪಟ್ಟಿಯನ್ನೊಮ್ಮೆ ತೆಗೆಸಿದೆ. ಪ್ರತಿ ಹೆಸರೂ 'ಪ್ರಾಡ್' ಎಂದೇ ಆರಂಭವಾಗುತ್ತಿತ್ತು. ಆತನ ಬೆರಳು ಕೀಬೋರ್ಡಿನಿಂದ ಒಂದು ಗೇಣು ಮೇಲೆದ್ದು ಅಲ್ಲೇ ನಿಂತಿತು.

ಆಮೇಲೆ ಕ್ಲಸ್ಟರಿನ ಹೆಸರು ಬದಲಾಯಿತು, ಯೂಸರ್ ಹೆಸರು ಹಾಗೆಯೇ ಉಳಿಯಿತು. ಪ್ರೊಡಕ್ಷನ್ನಿನ ಸರ್ಟಿಫಿಕೇಟನ್ನು ನೋಡಿದ ಟೆಸ್ಟ್ ಕ್ಲಸ್ಟರ್ 'ಅನ್‌ಆಥರೈಸ್ಡ್' ಎಂದು ಬಾಗಿಲು ಹಾಕಿಕೊಂಡಿತು. ಕೊನೆಗೆ ಮೂರು ಹೆಸರುಗಳನ್ನೂ, ಅವುಗಳ ಉಲ್ಲೇಖವಿದ್ದ ಕಡೆಯೆಲ್ಲ, ಬದಲಿಸಿದ ಮೇಲೆ ಎರಡು ಕ್ಲಸ್ಟರ್‌ಗಳೂ ತಂತಮ್ಮ ಹೆಸರಿಗೆ ಓಗೊಟ್ಟವು.

ಅಷ್ಟಕ್ಕೇ ಬಿಡಬಹುದಿತ್ತು. ಎಲ್ಲವನ್ನೂ ಶಾಶ್ವತವಾಗಿ ಒಂದೇ ಫೈಲಿಗೆ ಸೇರಿಸುವ ಫ್ಲ್ಯಾಟನ್ ಆಯ್ಕೆಯ ಬಗ್ಗೆ ಆತ ಎಲ್ಲೋ ಓದಿದ್ದ. ಫಲಿತಾಂಶವನ್ನು ಬೇರೆ ಹೆಸರಿನಲ್ಲಿ ಉಳಿಸಿಕೊಳ್ಳುವ ಬದಲು, ಓದುತ್ತಿರುವ ಮೊದಲ ಫೈಲಿನ ಮೇಲೆಯೇ ಬರೆಯಲು ಹೇಳಿದ. ಬರೆಯುವ ಫೈಲನ್ನು, ಟೈಪ್ ಮಾಡಿದ ಆಜ್ಞೆಗಳನ್ನು ಓಡಿಸುವ ಶೆಲ್ ಮೊದಲೇ ಖಾಲಿ ಮಾಡಿಡುತ್ತದೆ. ಕ್ಯೂಬ್‌ಸಿಟಿಎಲ್ ಓದಲು ಬರುವಷ್ಟರಲ್ಲಿ ಪ್ರೊಡಕ್ಷನ್ ವಿವರಗಳಲ್ಲಿ ಒಂದಕ್ಷರವೂ ಉಳಿದಿರಲಿಲ್ಲ. ಸಂಜೆ ಆತನ ಸಂದೇಶ ಬಂತು: "ಸರ್, ಇನ್ನು ನನ್ನಿಂದ ಪ್ರೊಡಕ್ಷನ್‌ಗೆ ಯಾವ ಅಪಾಯವೂ ಇಲ್ಲ. ಅದು ಲಿಸ್ಟಲ್ಲೇ ಇಲ್ಲ."