ಸಚಿವರು ಬರುತ್ತಾರೆ, ನೆಲ ಒರೆಸಿದಿರಾ?

ಇಂಗ್ಲೆಂಡಿನ ಮಿಡ್‌ಲ್ಯಾಂಡ್ಸ್‌ನಲ್ಲಿ ನಾಲ್ಕು ವರ್ಷ ಕೆಲಸ ಮಾಡಿದ್ದೆ. ಸರ್ಕಾರದ ದುಡ್ಡು, ಕಂಪನಿಗಳ ದುಡ್ಡು ಎರಡೂ ಸೇರಿ ನಡೆಯುವ ಒಂದು ತಂತ್ರಜ್ಞಾನ ಕೇಂದ್ರ. ಹೆಸರು ಬೇಡ. ಅಲ್ಲಿ ಆಗಾಗ ಒಂದು ಹಬ್ಬ ಬರುತ್ತಿತ್ತು: ಸಚಿವರ ಭೇಟಿ. ಹಿಂದಿನ ದಿನವೇ ಶಾಪ್ ಫ್ಲೋರ್ ಒರೆಸಿ ಫಳಫಳ ಮಾಡುತ್ತಿದ್ದೆವು. ಕೆಟ್ಟು ಕೂತ ಮೆಷಿನ್ನಿಗೆ ಅಡ್ಡ ದೊಡ್ಡ ಬ್ಯಾನರ್. ಸಚಿವರು ಹಳದಿ ಜಾಕೆಟ್ ಹಾಕಿ ಗುಂಡಿ ಒತ್ತುತ್ತಾರೆ, ರೋಬೋ ಕೈ ಎತ್ತುತ್ತದೆ, ಫೋಟೊ. ಆಮೇಲೆ ಮಹಡಿಯ ಕೋಣೆಯಲ್ಲಿ ಸ್ಯಾಂಡ್‌ವಿಚ್ ತಿನ್ನುತ್ತಾ ಮುಕ್ಕಾಲು ಗಂಟೆ ಮಾತು. ರೋಬೋ ಎಲ್ಲ ಆ ಮುಕ್ಕಾಲು ಗಂಟೆಗೋಸ್ಕರ. ಅದೂ ಲಾಬಿಯೇ, ಸರ್ಕಾರದ ತೀರ್ಮಾನವನ್ನು ತಮ್ಮ ಕಡೆಗೆ ಒಲಿಸಿಕೊಳ್ಳುವ ಕೆಲಸ.

ಲಾಬಿ ಅಂದ ಕೂಡಲೇ ನಮಗೆ ಸೂಟ್‌ಕೇಸು, ಫೈವ್ ಸ್ಟಾರ್ ಹೋಟೆಲ್ಲು ನೆನಪಾಗುತ್ತದೆ. ಇದು ಆ ಥರದ್ದಲ್ಲ. ಇಲ್ಲಿ ಯಾರೂ ಯಾರಿಗೂ ದುಡ್ಡು ಕೊಡುವುದಿಲ್ಲ. ಕೇಂದ್ರ ಕೇಳುವುದು ಇಷ್ಟೇ: ನಿಮ್ಮ ಮುಂದಿನ ಕೈಗಾರಿಕಾ ನೀತಿಯಲ್ಲಿ ನಮ್ಮ ಕೆಲಸಕ್ಕೊಂದು ಸಾಲು ಇರಲಿ.

ಇದರ ಬೇರು 2010ರಲ್ಲಿದೆ. ಏಕಾರ್ನ್ ಕಂಪ್ಯೂಟರ್ಸ್ ಕಟ್ಟಿದವರಲ್ಲಿ ಒಬ್ಬರಾದ ಹರ್ಮನ್ ಹೌಸರ್ ಸರ್ಕಾರಕ್ಕೊಂದು ವರದಿ ಕೊಟ್ಟರು. ಬ್ರಿಟನ್ ಸಂಶೋಧನೆಯಲ್ಲಿ ಗಟ್ಟಿ, ಅದನ್ನು ಕಾರ್ಖಾನೆಗೆ ತರುವುದರಲ್ಲಿ ಸೋಲುತ್ತದೆ, ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆಯ ಥರದ ಕೇಂದ್ರಗಳು ಬೇಕು ಅಂತ. ವರದಿ ಕೇಳಿದ್ದು ಲೇಬರ್ ಸರ್ಕಾರ. ಅದು ಬಿದ್ದು ಬಂದ ಕ್ಯಾಮರೂನ್ ಸರ್ಕಾರವೂ ಒಪ್ಪಿತು, 20 ಕೋಟಿ ಪೌಂಡಿಗಿಂತ ಜಾಸ್ತಿ ಕೊಡುವುದಾಗಿ ಹೇಳಿತು. ಈ ಕೇಂದ್ರಗಳಿಗೆ 'ಕ್ಯಾಟಪಲ್ಟ್' ಅಂತ ಹೆಸರು. 2011ರಲ್ಲಿ ಮೊದಲನೆಯದು ಶುರುವಾಯಿತು, ಉತ್ಪಾದನಾ ಕ್ಷೇತ್ರಕ್ಕೆ. ಹೊಸದಾಗಿ ಕಟ್ಟಿದ್ದಲ್ಲ, ಮೊದಲೇ ಇದ್ದ ಏಳು ಕೇಂದ್ರಗಳನ್ನು ಒಂದು ಬೋರ್ಡಿನ ಕೆಳಗೆ ತಂದಿದ್ದು. ಲೆಕ್ಕಾಚಾರ ಸರಳ: ಮೂರನೇ ಒಂದು ಪಾಲು ಸರ್ಕಾರ ಕೊಡುತ್ತದೆ, ಇನ್ನೊಂದು ಪಾಲನ್ನು ಸ್ಪರ್ಧೆಯಲ್ಲಿ ಗೆದ್ದ ಯೋಜನೆಗಳಿಂದ ತರಬೇಕು, ಉಳಿದದ್ದು ಕಂಪನಿಗಳಿಂದ. 2014ರಲ್ಲಿ ಇವು ಹೇಗೆ ನಡೆಯುತ್ತಿವೆ ನೋಡಿ ಎಂದು ಸರ್ಕಾರ ಮತ್ತೆ ಹೌಸರ್ ಅವರನ್ನೇ ಕೇಳಿತು. 2030ರ ಹೊತ್ತಿಗೆ 30 ಕೇಂದ್ರ ಆಗಲಿ ಅಂದರು. ಅಡುಗೆಯವರನ್ನೇ ಕರೆದು ಊಟ ಹೇಗಿದೆ ಅಂತ ಕೇಳಿದರೆ ಇನ್ನೇನು ಹೇಳುತ್ತಾರೆ? ಇನ್ನೊಂದೆರಡು ಪಂಕ್ತಿ ಹಾಕಿ ಅಂತಾರೆ.

ಆ ಏಳರಲ್ಲಿ ಒಂದರ ಹಿಂದೆ ನಮ್ಮೂರಿನ ನಂಟಿದೆ. ಕುಮಾರ್ ಭಟ್ಟಾಚಾರ್ಯ, ಬೆಂಗಳೂರಿನಲ್ಲಿ ಬೆಳೆದವರು. ಖರಗ್‌ಪುರ ಐಐಟಿಯಲ್ಲಿ ಓದಿ ಇಂಗ್ಲೆಂಡಿಗೆ ಹೋದರು. 1980ರಲ್ಲಿ ವಾರ್ವಿಕ್ ವಿಶ್ವವಿದ್ಯಾಲಯದಲ್ಲಿ ಡಬ್ಲ್ಯುಎಂಜಿ ಎಂಬ ಉತ್ಪಾದನಾ ಸಂಶೋಧನಾ ಕೇಂದ್ರ ಶುರು ಮಾಡಿದರು, ಆ ಏಳರಲ್ಲಿ ಒಂದು ಇದೇ. ಥ್ಯಾಚರ್ ಕಾಲದಿಂದಲೂ, ಯಾವ ಪಕ್ಷ ಬಂದರೂ ಅವರ ಮಾತಿಗೆ ಬೆಲೆ ಇತ್ತು. 2004ರಲ್ಲಿ ಮೇಲ್ಮನೆಯ ಸದಸ್ಯರಾದರು. 2008ರಲ್ಲಿ ಟಾಟಾ ಕಂಪನಿ ಜಾಗ್ವಾರ್ ಲ್ಯಾಂಡ್ ರೋವರ್ ಕೊಳ್ಳುವುದರಲ್ಲೂ ಅವರ ಕೈ ಇತ್ತು. 2019ರಲ್ಲಿ ತೀರಿಕೊಂಡರು. ನನಗೆ ಅವರ ಮೇಲೆ ತುಂಬಾ ಗೌರವ. ಕಾರ್ಖಾನೆ ಅಂದರೆ ಮುಗಿದ ಕಥೆ ಎಂದು ಲಂಡನ್ನಿನವರು ನಂಬಿದ್ದಾಗ ಅಲ್ಲ ಅಂತ ಹಟ ಹಿಡಿದವರು. ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ಕೇಂದ್ರ ಕಟ್ಟಿದವರೇ ಕಾನೂನು ಮಾಡುವ ಮನೆಯಲ್ಲಿ ಕೂತಾಗ ಅವರ ಮಾತನ್ನು ಸಲಹೆ ಅನ್ನೋಣವೋ, ಲಾಬಿ ಅನ್ನೋಣವೋ?

2016ರಲ್ಲಿ ಒಂದು ತಮಾಷೆ ನಡೆಯಿತು. ಸರ್ಕಾರದಿಂದ ಅನುದಾನ ಪಡೆದವರು ಆ ದುಡ್ಡಿನಲ್ಲಿ ಸರ್ಕಾರದ ಮೇಲೇ ಪ್ರಭಾವ ಬೀರುವಂತಿಲ್ಲ ಎಂಬ ಷರತ್ತನ್ನು ಬ್ರಿಟನ್ ಸರ್ಕಾರ ತರಲು ಹೊರಟಿತು. ವಿಜ್ಞಾನಿಗಳು ಎದ್ದು ನಿಂತರು. ಹವಾಮಾನದ ಮೇಲೆ ಸಂಶೋಧನೆ ಮಾಡಿ ಅದನ್ನು ಸಚಿವರಿಗೆ ಹೇಳಬಾರದು ಅಂದರೆ ಏನರ್ಥ? ಜಾರಿಗೆ ಬರಲು ಕೆಲವೇ ದಿನ ಇರುವಾಗ ಷರತ್ತನ್ನು ತಡೆಹಿಡಿದರು. ಸರಿಯಾಗಿಯೇ ಆಯಿತು. ಬಾಯಿ ಮುಚ್ಚಿಸುವುದು ದಾರಿಯಲ್ಲ.

ಏನು ಮಾತಾಯಿತು ಅನ್ನುವುದನ್ನು ತೆರೆದಿಡಬೇಕು, ಅಷ್ಟೇ ನನ್ನ ವಾದ. ಬ್ರಿಟನ್ನಿನಲ್ಲಿ ಲಾಬಿ ಮಾಡುವವರ ನೋಂದಣಿಗೆ 2014ರ ಕಾನೂನಿದೆ. ಆದರೆ ಅದು ಬೇರೆಯವರಿಗಾಗಿ ದುಡ್ಡು ಪಡೆದು ಮಾತಾಡುವವರಿಗೆ ಮಾತ್ರ. ಸಂಸ್ಥೆಯ ಸ್ವಂತ ನೌಕರ ಸಚಿವರ ಪಕ್ಕ ಕೂತು ಎಷ್ಟು ಹೊತ್ತು ಮಾತಾಡಿದರೂ ಅವನ ಹೆಸರು ಆ ಪಟ್ಟಿಗೆ ಬರುವುದಿಲ್ಲ. ನಮ್ಮಲ್ಲಂತೂ ಅಂಥ ಕಾನೂನೇ ಇಲ್ಲ. 2018ರಲ್ಲಿ ಕೇಂದ್ರ ಸರ್ಕಾರ 3,660 ಕೋಟಿ ರೂಪಾಯಿಯ ಯೋಜನೆಯಲ್ಲಿ 25 ತಂತ್ರಜ್ಞಾನ ಹಬ್‌ಗಳಿಗೆ ಒಪ್ಪಿಗೆ ಕೊಟ್ಟಿತು. ರೋಬೋ, ಕೃತಕ ಬುದ್ಧಿಮತ್ತೆಯ ಕೆಲಸ ಮಾಡುವ ಬೆಂಗಳೂರಿನ ಐಐಎಸ್‌ಸಿಯ ಆರ್ಟ್‌ಪಾರ್ಕ್ ಅದರಲ್ಲಿ ಒಂದು. ಒಳ್ಳೆಯ ಕೆಲಸವೇ. ಆದರೆ ನಾಳೆ ಉತ್ಪಾದನಾ ನೀತಿಗೆ ಅಭಿಪ್ರಾಯ ಕೇಳಿದಾಗ ಇಪ್ಪತ್ತು ಪುಟ ನೀಟಾಗಿ ಬರೆದು ಕಳಿಸುವವರು ಹಬ್‌ಗಳವರೋ, ಪೀಣ್ಯದಲ್ಲಿ ಎರಡು ಲೇತ್ ಇಟ್ಟುಕೊಂಡವರೋ?

ಆ ಮಹಡಿಯ ಕೋಣೆಗೆ ಒಮ್ಮೆ ಒಬ್ಬ ಸಣ್ಣ ಉದ್ಯಮಿಯನ್ನೂ ಕರೆದಿದ್ದರು. ಡಡ್ಲಿ ಕಡೆಯವರು, ಹನ್ನೊಂದು ಜನರ ಟೂಲ್‌ರೂಮ್. ಸ್ಯಾಂಡ್‌ವಿಚ್ ಮುಟ್ಟಲಿಲ್ಲ. ಸರದಿ ಬಂದಾಗ ಎರಡೇ ಮಾತು ಹೇಳಿದರು: ಕರೆಂಟ್ ಬಿಲ್ ಕಟ್ಟೋಕೆ ಆಗ್ತಿಲ್ಲ, ಕೆಲಸ ಕಲಿಯೋಕೆ ಹುಡುಗರು ಬರ್ತಿಲ್ಲ. ಸಚಿವರು ತಲೆಯಾಡಿಸಿದರು. ಮಾರನೇ ದಿನ ಇಲಾಖೆಗೆ ಕಳಿಸುವ ಟಿಪ್ಪಣಿಯ ಕರಡು ನನ್ನ ಮೇಜಿಗೆ ಬಂತು, ಅಂಕಿ ಅಂಶ ಸರಿ ಇದೆಯಾ ನೋಡು ಅಂತ. ಅವರ ಮಾತು ಅದರಲ್ಲಿ ಹೀಗಿತ್ತು: 'ಸಣ್ಣ ಉದ್ಯಮಗಳು ಡಿಜಿಟಲ್ ತಂತ್ರಜ್ಞಾನ ಅಳವಡಿಸಿಕೊಳ್ಳಲು ನಮ್ಮ ಕೇಂದ್ರದ ನೆರವು ಬಯಸುತ್ತಿವೆ.'

ಅಂಕಿ ಅಂಶ ಎಲ್ಲ ಸರಿಯಾಗಿಯೇ ಇತ್ತು. ಸರಿ ಇದೆ ಅಂತ ಬರೆದು ವಾಪಸ್ ಕಳಿಸಿದೆ.